ಸೋಪಿನ ಕೋದಂಡರಾಮಪ್ಪನ ನಾಲಿಗೆ

ಬಂದೆಯಾ? ಕೂತುಕೋ. ಆ ಚಾಪೆಯ ಮೇಲೆ ಬೇಡ, ಅಲ್ಲಿ ಹುಣಸೆಹಣ್ಣು ಒಣಗಲು ಹಾಕಿದೆ. ಇಲ್ಲಿ ಬಾ, ನನ್ನ ಪಕ್ಕಕ್ಕೆ. ಮೊದಲು ಆ ಎಲೆ ಅಡಿಕೆ ಪೆಟ್ಟಿಗೆ ಇತ್ತ ಸರಿಸು. ಬಾಯಲ್ಲಿ ಏನೂ ಇಲ್ಲದಿದ್ದರೆ ನನಗೆ ಮಾತು ಹೊರಡುವುದಿಲ್ಲ. ಎಲ್ಲಿಗೆ ನಿಲ್ಲಿಸಿದ್ದೆವು? ಹಾಂ, ಸೋಪು. ನಿನ್ನ ನಾಯಿಮರಿಗೆ ಅಂತ ಅಂಗಡಿಯಿಂದ ತಂದ ಸೋಪಿನ ಡಬ್ಬಿ ತೋರಿಸಿದೆಯಲ್ಲ, ಮೇಲೆ ಹಸಿರು ಎಲೆಯ ಚಿತ್ರ ಹಾಕಿ ಎಲ್ಲಾ ಗಿಡಮೂಲಿಕೆಯದೇ ಅಂತ ಬರೆದಿದ್ದಾರಲ್ಲ. ಇರಲಿ, ಒಳ್ಳೆಯದೇ ಇರಬಹುದು. ಆದರೆ ಅದನ್ನು ಮಾಡಿದವನು ನಾಯಿಯ ಮೈಗೆ ಹಚ್ಚುವ ಮೊದಲು ತಾನೊಮ್ಮೆ ನೆಕ್ಕಿ ನೋಡಿದ್ದಾನೆಯೇ? ನಗಬೇಡ. ಹಾಗೆ ನೆಕ್ಕಿ ನೋಡಿ ಕೊಡುತ್ತಿದ್ದವನು ಒಬ್ಬನಿದ್ದಾನೆ. ನಮ್ಮವನೇ. ಬರೆದುಕೊಳ್ಳುತ್ತೇನೆ ಅಂದೆಯಲ್ಲ, ಬರೆದುಕೋ. ನಾನು ಅಲ್ಲಿಂದಿಲ್ಲಿಗೆ ಹಾರುತ್ತೇನೆ, ನೀನು ಹಿಂದೆಯೇ ಬಾ.

ಕೋದಂಡರಾಮಪ್ಪ ನನ್ನ ತಂಗಿ ಮುನಿಗಂಗಮ್ಮನ ಗಂಡ. ನಿನಗೆ ತಾತನಾಗಬೇಕು. ನೀನು ಅವನನ್ನು ನೋಡಿದಾಗ ನಿನಗಿನ್ನೂ ಹಾಲುಹಲ್ಲು, ನೆನಪಿರಲಿಕ್ಕಿಲ್ಲ. ಮುಳಬಾಗಿಲಿನಿಂದ ಬೈರಕೂರಿನ ಕಡೆಗೆ ಹೋಗುವ ರಸ್ತೆಯಲ್ಲಿ, ಟೊಮೆಟೊ ತೋಟಗಳು ಶುರುವಾಗುವ ಮೊದಲೇ, ಎರಡು ಹೊಂಗೆಮರಗಳ ಕೆಳಗೆ ಅವನ ಮನೆ. ಹುಡುಕುವುದಕ್ಕೆ ವಿಳಾಸವೇ ಬೇಕಿರಲಿಲ್ಲ. ಬಸ್ಸಿನ ಕಿಟಕಿಯಿಂದ ಹೊಂಗೆ ಎಣ್ಣೆ ಕಾಯಿಸಿದ ಕಮಟು ವಾಸನೆ ಮೂಗಿಗೆ ಬಡಿದ ಕಡೆ ಇಳಿದರಾಯಿತು. ಕಂಡಕ್ಟರ್ ಕೂಡ "ವಾಸ್ನೆ ಸ್ಟಾಪ್ ಯಾರ್ರೀ, ಬೇಗ್ ಇಳೀರಿ" ಅಂತಲೇ ಕೂಗುತ್ತಿದ್ದ.

ಅವರದು ಗಾಣದ ಮನೆತನ. ಗಾಣ ನಿಂತುಹೋಗಿ ಎಷ್ಟೋ ಕಾಲವಾಯಿತು, ಆದರೆ ಅವನ ತಾಯಿ ಕೈ ಕಟ್ಟಿ ಕೂರುವವಳಲ್ಲ. ಯಾರಿಗೂ ಬೇಡವಾಗಿ ಉಳಿದ ಹೊಂಗೆ ಎಣ್ಣೆಗೆ ಬೂದಿನೀರು ಹಾಕಿ ಕಾಯಿಸಿ ಬಟ್ಟೆ ಒಗೆಯುವ ಸೋಪು ಮಾಡುತ್ತಿದ್ದಳು. ಬೂದಿನೀರು ಎಂದರೆ ಹಗುರವಾಗಿ ತಿಳಿಯಬೇಡ. ಮಾವಿನ ಕಟ್ಟಿಗೆ ಸುಟ್ಟ ಬೂದಿಯನ್ನು ತಳ ತೂತಾದ ಮಡಕೆಗೆ ತುಂಬಿ, ತೂತಿಗೆ ಹುಲ್ಲು ಅಡ್ಡ ಇಟ್ಟು, ಮೇಲಿಂದ ನೀರು ಹೊಯ್ದರೆ ಕೆಳಗೆ ಟೀ ಬಣ್ಣದ ನೀರು ತೊಟ್ಟಿಕ್ಕುತ್ತದೆ. ಕೈಗೆ ಬಿದ್ದರೆ ಜಾರುತ್ತದೆ, ಗಾಯಕ್ಕೆ ಬಿದ್ದರೆ ಜೀವ ಹೋಗುತ್ತದೆ. ಅದನ್ನು ಎಣ್ಣೆಯೊಂದಿಗೆ ಒಲೆಯ ಮೇಲಿಟ್ಟು ತಿರುವಿ ತಿರುವಿ ಮೊದಲು ಅಂಬಲಿಯ ಹದಕ್ಕೆ, ಆಮೇಲೆ ಮುದ್ದೆಯ ಹದಕ್ಕೆ ತರಬೇಕು. ಎಣ್ಣೆ ಹೆಚ್ಚಾದರೆ ಸೋಪು ಜಿಡ್ಡಾಗುತ್ತದೆ, ಬೂದಿನೀರು ಹೆಚ್ಚಾದರೆ ಖಾರವಾಗಿ ಚರ್ಮ ಸುಡುತ್ತದೆ. ಒಂದು ಮರದ ಬೂದಿಯ ಹಾಗೆ ಇನ್ನೊಂದರದು ಇರುವುದಿಲ್ಲ. ಅದಕ್ಕೇ ಅಳತೆಯನ್ನು ನಂಬುವ ಹಾಗಿಲ್ಲ, ನಾಲಿಗೆಯ ತುದಿಗೆ ಒಂದು ಚೂರು ಮುಟ್ಟಿಸಿ ನೋಡಬೇಕು. ಚುರುಕ್ ಅಂದರೆ ಹಲಗೆಯ ಮೇಲೆ ಇನ್ನಷ್ಟು ದಿನ ಬಿಡಬೇಕು, ಇಲ್ಲವೆ ಮತ್ತೆ ಎಣ್ಣೆ ಹಾಕಿ ಕಾಯಿಸಬೇಕು. ನಾಲಿಗೆ ಸುಮ್ಮನಿದ್ದರೆ ಸೋಪು ಆಯಿತು.

ಆ ತಾಯಿ ಹಾಸಿಗೆ ಹಿಡಿದಾಗ ಮಗನನ್ನು ಹತ್ತಿರ ಕರೆದು, "ಕೋದಂಡಾ, ಕೈಯಿ ಕಾಲು ಹೋದ್ರೂ ಪರ್ವಾಗಿಲ್ಲ, ನಾಲ್ಗೆ ಜ್ವಾಪಾನ ಕಣೋ" ಅಂದಳಂತೆ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಒಳ್ಳೆಯ ಮಾತಾಡು ಅನ್ನುವ ಬುದ್ಧಿಮಾತು ಅಂದುಕೊಂಡು ಅತ್ತು ಮರೆಯುತ್ತಿದ್ದರು. ಇವನು ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಹಿಡಿದುಕೊಂಡ. ಕೋಲಾರದ ಕಡೆ ಹುಟ್ಟಿ ಖಾರ ಮುಟ್ಟದವನನ್ನು ನೀನು ಕಂಡಿದ್ದೀಯಾ? ಇವನು ಮುಟ್ಟಲಿಲ್ಲ. ಉಪ್ಪಿನಕಾಯಿ ಇಲ್ಲ, ಬಿಸಿ ಸಾರು ಇಲ್ಲ. ಕಾಫಿಯ ಮೇಲೆ ಕೆನೆ ಕಟ್ಟಿ, ಅದರ ಮೇಲೆ ನೊಣ ಕೂತು ಎದ್ದುಹೋದ ಮೇಲೆ ಕುಡಿಯುತ್ತಿದ್ದ. ಮುದ್ದೆಗೆ ಮಜ್ಜಿಗೆ ಕಲಸಿಕೊಂಡು ತಿನ್ನುತ್ತಿದ್ದ. ನಮ್ಮಲ್ಲಿ ಅರ್ಧ ಮಾತು ತೆಲುಗಿನಲ್ಲೇ ತಾನೇ, ತೆಲುಗಿನಲ್ಲಿ ನಾಲಿಗೆಗೆ ನಾಲುಕ ಅನ್ನುವುದು. ಊರವರು ಅವನನ್ನು ನಾಲುಕ ಕೋದಂಡ ಅಂತಲೇ ಕರೆದರು. ಅವನಿಗೆ ಅದರಿಂದ ಬೇಜಾರಿಲ್ಲ, ಹೆಮ್ಮೆಯೇ.

ಇದರ ಬಿಸಿ ಮೊದಲು ತಟ್ಟಿದ್ದು ಮದುವೆಯ ದಿನ. ಹೆಣ್ಣು ಗಂಡಿಗೆ ವೀಳ್ಯ ಮಡಿಸಿ ಕೊಡುವ ಶಾಸ್ತ್ರವಿತ್ತು. ನನ್ನ ತಂಗಿ ಮುನಿಗಂಗಮ್ಮ ಚಿಕ್ಕಂದಿನಿಂದ ನಮ್ಮ ಅಜ್ಜಿಯ ಪೆಟ್ಟಿಗೆಯಿಂದ ಕದ್ದು ತಿಂದು ಎಲೆ ಅಡಿಕೆಯಲ್ಲೇ ಬೆಳೆದವಳು, ವೀಳ್ಯ ಮಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಚೆಂದವಾಗಿ ಮಡಿಸಿ, ಲವಂಗ ಚುಚ್ಚಿ ಕೊಟ್ಟಳು. ಇವನು ಅದನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿಗೆ ಇಟ್ಟುಕೊಂಡ. ನಮ್ಮ ಚಿಕ್ಕಪ್ಪ ಸುಮ್ಮನಿರುತ್ತಾರೆಯೇ?

"ಏನಯ್ಯಾ, ಹೆಣ್ಣು ಕೊಟ್ಟಿದ್ದು ಜೇಬಿಗ್ ಹಾಕ್ಕೊಂಡ್ಯಲ್ಲ, ಬಾಯಿಗ್ ಹಾಕ್ಕೊಳಯ್ಯಾ!"

"ಸುಣ್ಣ ನಾಲ್ಗೆ ತಿಂದಾಕ್ತದೆ ಮಾವ. ನಾನು ಸೋಪ್ ಮಾಡೋನು."

"ಸೋಪು ಬಾಯಲ್ಲಿ ಮಾಡ್ತೀಯಾ?"

"ಹೂಂ ಮಾವ" ಅಂದ. ಚಪ್ಪರವೆಲ್ಲ ನಕ್ಕಿತು. ನಮ್ಮಮ್ಮನಿಗೆ ಮಾತ್ರ ಅಪಶಕುನವಾಯಿತು ಅಂತ ಕಣ್ಣೀರು. ಮುನಿಗಂಗಮ್ಮ ತಲೆ ತಗ್ಗಿಸಿಕೊಂಡೇ ಅವನ ಕಡೆ ಓರೆಗಣ್ಣಲ್ಲಿ ನೋಡಿ, "ಒಂದಿನ ತಿನ್ನಿಸ್ತೀನಿ ಇರು" ಅಂದಳಂತೆ. ಇದು ಅವನೇ ನನಗೆ ಹೇಳಿದ್ದು, ಈಚೆಗೆ.

ಅವಳು ಆ ಮಾತು ಬಿಡಲಿಲ್ಲ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ತನಗೊಂದು ವೀಳ್ಯ ಮಡಿಸಿಕೊಂಡು, ಅವನಿಗೂ ಒಂದು ಮಡಿಸಿ ಪೆಟ್ಟಿಗೆಯ ಮುಚ್ಚಳದ ಮೇಲೆ ಇಡುವಳು. "ತಗಾ" ಅನ್ನುವಳು. "ಸೋಪು ಬಿಟ್ಟಿದ್ದಿನ ತಗಂತೀನಿ" ಅನ್ನುವನು ಅವನು. ಬೆಳಿಗ್ಗೆ ಎದ್ದು ಅದನ್ನು ಅವಳೇ ಬಾಯಿಗೆ ಹಾಕಿಕೊಳ್ಳುವಳು. ಅವರ ಮದುವೆ ಇದ್ದಷ್ಟು ವರ್ಷವೂ ಇದೇ ಆಟ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಯಾರಾದರೂ ಕೆದಕಿದರೆ ಅವಳು ಸುಣ್ಣದ ಡಬ್ಬಿ ಹುಡುಕುವ ನೆಪ ಮಾಡಿ ಒಳಗೆ ಹೋಗುತ್ತಿದ್ದಳು.

ಒಂದು ಲೋಟ ನೀರು ಕೊಡು. ಹಾಂ, ಸಾಕು.

ಆಮೇಲೆ ಏನಾಯಿತು, ಅಂಗಡಿಗಳಲ್ಲಿ ಪೌಡರು ಬಂತು, ವಾಷಿಂಗ್ ಮೆಷಿನ್ ಬಂತು, ಕೋದಂಡನ ಕಮಟು ಸೋಪನ್ನು ಕೇಳುವವರೇ ಇಲ್ಲವಾದರು. ಇವನು ಮಾಡುವುದನ್ನು ನಿಲ್ಲಿಸಲಿಲ್ಲ. ಮನೆ ತುಂಬ ಮುತ್ತುಗದೆಲೆಯಲ್ಲಿ ಸುತ್ತಿದ ಸೋಪಿನ ಉಂಡೆಗಳು. ಬೂದಿನೀರಿನ ಸೋಪು ಬಿಲ್ಲೆಯ ಹಾಗೆ ಗಟ್ಟಿಯಾಗುವುದಿಲ್ಲ, ಮೆತ್ತಗಿರುತ್ತದೆ. ಅದಕ್ಕೆ ಮುನಿಗಂಗಮ್ಮ ಕೈ ಒದ್ದೆ ಮಾಡಿಕೊಂಡು ಥೇಟ್ ರಾಗಿಮುದ್ದೆಯ ಹಾಗೆ ಉಂಡೆ ಕಟ್ಟುತ್ತಿದ್ದಳು. ಒಮ್ಮೆ ನಮ್ಮನೆಯವರೇ ಅಲ್ಲಿಗೆ ಹೋದಾಗ ಹಸಿವಿನಲ್ಲಿ ಅದಕ್ಕೆ ಕೈ ಹಾಕಿ ಮುರಿದು ಸಾರಿಗೆ ಅದ್ದಿಬಿಟ್ಟಿದ್ದರು. ಬಿಡು, ಅದು ಬೇರೆ ಕಥೆ.

ಹಾಗಿರುವಾಗ ಮುನಿಗಂಗಮ್ಮ ಒಂದು ಸಲ ನನ್ನ ಮನೆಗೆ, ಈ ಯಲ್ದೂರಿಗೇ ಬಂದವಳು, ವಾಪಸು ಹೋಗುವಾಗ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಕೆಂದು ನಾಯಿಮರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿದಳು. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಎಲ್ಲಿ ನೋಡಿದರೂ ಉಣ್ಣೆಹುಳ. ಮೈಯೆಲ್ಲ ಕಜ್ಜಿ. ಅದೇ ಕೆಂಚಿ. ಕೋದಂಡ ಅದನ್ನು ನೋಡಿ, ಹೊಂಗೆ ಎಣ್ಣೆಗೆ ಹುಳ ನಿಲ್ಲುವುದಿಲ್ಲ ಅಂತ ಹೇಳಿ ಮನೆಯಲ್ಲಿದ್ದ ಬಟ್ಟೆ ಸೋಪನ್ನೇ ಹಚ್ಚಿ ತೊಳೆದ. ಹುಳವೇನೋ ಉದುರಿತು. ಆದರೆ ಮರಿ ಬಿಸಿಲಿಗೆ ಕೂತು ಮೈ ನೆಕ್ಕಿಕೊಂಡಿತು, ನೆಕ್ಕಿಕೊಂಡು ವಾಂತಿ ಮಾಡಿತು.

"ಇಷ್ಟ್ ವರ್ಷ ನಾಲ್ಗೆ ನಾಲ್ಗೆ ಅಂತ ಕುಣಿದ್ಯಲ್ಲ" ಅಂತ ಮುನಿಗಂಗಮ್ಮ ರೇಗಿದಳು, "ಬಟ್ಟೆ ಮೈ ನೆಕ್ಕಂತದಾ? ಇದು ನೆಕ್ಕಂತದೆ. ನೀನೇ ನೆಕ್ಕು ನೋಡಾನ ಮೊದ್ಲು!"

ಅವನು ನಿಜವಾಗಿ ನೆಕ್ಕಿದ. ತುದಿಗೆ ಮುಟ್ಟಿಸುವುದಲ್ಲ, ನಾಯಿ ನೆಕ್ಕುವ ಹಾಗೆ ಉದ್ದಕ್ಕೆ ನಾಲಿಗೆ ಎಳೆದ. ಆಮೇಲೆ ಹೋಗಿ ಒಲೆ ಹಚ್ಚಿದ.

ಅಲ್ಲಿಂದ ಅವನು ನಾಯಿ ಸೋಪಿನವನಾದ. ಹೊಂಗೆ ಎಣ್ಣೆ ಕಮ್ಮಿ ಮಾಡಿ, ಬೇವಿನ ಎಣ್ಣೆ ಒಂದಿಷ್ಟು, ಕೊಬ್ಬರಿ ಎಣ್ಣೆ ಒಂದಿಷ್ಟು. ಎಣ್ಣೆ ಬರುತ್ತಿದ್ದದ್ದು ಶ್ರೀನಿವಾಸಪುರದ ಎಣ್ಣೆ ಮಿಲ್ಲಿನ ಚನ್ನರಾಯಪ್ಪನಿಂದ, ಅವನು ಇವನ ಹಳೆಯ ಗೆಳೆಯ. ಬೂದಿ ನಮ್ಮ ಯಲ್ದೂರಿನ ಮಾವಿನ ತೋಪುಗಳಿಂದ. ಕೊಂಬೆ ಕಡಿದಾಗ ನಾನೇ ಹೇಳಿ ಕಳಿಸುತ್ತಿದ್ದೆ. ನಾಯಿ ಏನು ನೆಕ್ಕುತ್ತದೋ ಅದನ್ನು ಮೊದಲು ತಾನು ನೆಕ್ಕಬೇಕು, ಇದು ಅವನ ಕಾನೂನು. ಇನ್ನೊಂದು ಕಾನೂನೂ ಇತ್ತು. ನಾಯಿಯನ್ನು ಕಣ್ಣಲ್ಲಿ ನೋಡದೆ ಸೋಪು ಕೊಡುವುದಿಲ್ಲ. ಮಾಲೂರಿನಿಂದ ಒಬ್ಬರು ಕಾರಿನಲ್ಲಿ ದಪ್ಪ ಬಿಳಿ ನಾಯಿ ಕೂರಿಸಿಕೊಂಡು ಬಂದರು, ಉಮಾಶಂಕರ್ ಅಂತ.

"ಇದ್ರಲ್ಲಿ ಮಲ್ಲಿಗೆ, ಗುಲಾಬಿ, ಆ ಥರ ವಾಸ್ನೆ ಇಲ್ವಾ ಯಜಮಾನ್ರೇ?"

"ಸೋಪು ಯಾರಿಗೆ ಸಾರ್, ನಿಮಗಾ ನಾಯಿಗಾ?"

"ನಾಯಿಗೇ."

"ಹಂಗಾದ್ರೆ ನಾಯೀನ್ ಕೇಳಿ."

ಕೋದಂಡ ಉಂಡೆಯೊಂದನ್ನು ಬಿಡಿಸಿ ನೆಲಕ್ಕಿಟ್ಟ. ಆ ದಪ್ಪ ನಾಯಿ ಮೂಸಿತು, ಸೀನಿತು, ಬಾಲ ಅಲ್ಲಾಡಿಸಿತು. "ಒಪ್ಪಿದೆ, ತಗಂಡೋಗಿ" ಅಂದ. ಅವರು ನಕ್ಕು ನಕ್ಕು ಸಾಕಾಗಿ, ಆಮೇಲೆ ತಮ್ಮ ಪರಿಚಯದವರನ್ನೆಲ್ಲ ಕೋಲಾರದಿಂದ, ಮಾಲೂರಿನಿಂದ ಕಳಿಸಿದರು. ಬೈರಕೂರಿನವರು ಎಮ್ಮೆಗೂ ಒಯ್ಯುತ್ತಿದ್ದರು.

ಅವನ ಇನ್ನೊಂದು ಹುಚ್ಚು ಹೇಳುವುದನ್ನೇ ಮರೆತೆ, ಇದು ಮುಂದಕ್ಕೆ ಬೇಕಾಗುತ್ತದೆ. ಮನುಷ್ಯರ ಜೊತೆ ಕನ್ನಡ, ನಾಯಿಗಳ ಜೊತೆ ತೆಲುಗು. ಅವನ ತಾಯಿ ಹಸು ಕರುವಿನ ಜೊತೆ ತೆಲುಗಿನಲ್ಲೇ ಮಾತಾಡುತ್ತಿದ್ದಳಂತೆ, ಮೂಕಪ್ರಾಣಿಗಳಿಗೆ ಅದೇ ಬರುವುದು ಅಂತ ಇವನ ನಂಬಿಕೆ. ಸ್ನಾನದ ಕಲ್ಲಿನ ಮೇಲೆ ಕೆಂಚಿಯನ್ನು ನಿಲ್ಲಿಸಿ "ಉಂಡು ತಲ್ಲಿ, ಉಂಡು" ಅನ್ನುವನು. ಅಲ್ಲಾಡದೆ ಇರು ತಾಯಿ ಅಂತ. ಕೆಂಚಿ ಕಂಬದ ಹಾಗೆ ನಿಲ್ಲುವುದು. ಸೋಪಿನ ನೊರೆ ಮೈಮೇಲೆ ಒಂದಿಷ್ಟು ಹೊತ್ತು ನಿಂತರೆ ತಾನೇ ಹುಳ ಸಾಯುವುದು? ಆ ಹೊತ್ತು ಅಳೆಯುವವಳು ಮುನಿಗಂಗಮ್ಮ. ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ವೀಳ್ಯ ಬಾಯಿಗೆ ಹಾಕುವಳು. ಅಗಿದು ಮುಗಿಸಿ ಪಿಚಕ್ ಅಂತ ಉಗಿದಳೆಂದರೆ ಹೊತ್ತಾಯಿತು, ಇವನು ನೀರು ಹೊಯ್ಯುವನು. ಕೊಳ್ಳಲು ಬಂದವರಿಗೂ ಅದೇ ಲೆಕ್ಕ ಹೇಳುತ್ತಿದ್ದ: "ಒಂದು ಎಲೆ ಅಡಿಕೆ ಅಗಿಯೋಷ್ಟೊತ್ತು ಬಿಟ್ಟು ನೀರು ಹಾಕಿ."

ಕೆಂಚಿ ಮಾತ್ರ ಅವಳ ನಾಯಿ. ಅವಳು ಕನ್ನಡದಲ್ಲಿ "ಬಾರೇ ಕೆಂಚೀ" ಅಂತ ಕೊನೆಯಲ್ಲಿ ರಾಗ ಎಳೆದು ಕರೆದರೆ ಎಲ್ಲಿದ್ದರೂ ಓಡಿ ಬರುವುದು.

ಎರಡು ವರ್ಷದ ಹಿಂದೆ, ಮಾವು ಹೂ ಬಿಟ್ಟ ಕಾಲ, ಮುನಿಗಂಗಮ್ಮನಿಗೆ ಬೆಳಗಿನ ಜಾವ ಎದೆನೋವು ಬಂತು. ವ್ಯಾನಿನಲ್ಲಿ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಹೋದಳು. "ಕೆಂಚಿಗೆ ಮುದ್ದೆ ಹಾಕಿಲ್ಲ, ನೋಡ್ಕೋ" ಅಂದಳಂತೆ. ಅಷ್ಟೇ. ನನ್ನ ತಂಗಿ ಮಗಾ, ನನಗಿಂತ ಚಿಕ್ಕವಳು. ನಾನಿನ್ನೂ ಇಲ್ಲಿ ಕೂತು ಎಲೆ ಅಗಿಯುತ್ತಿದ್ದೇನೆ ನೋಡು.

ಹನ್ನೊಂದನೆಯ ದಿನ ತಿಥಿ ಮಾಡಿದರು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುವುದು ಪದ್ಧತಿಯಲ್ಲವೇ. ಮುದ್ದೆ, ಅವರೆಕಾಳಿನ ಸಾರು, ಒಬ್ಬಟ್ಟು ಇಟ್ಟು, ಅವಳ ಎಲೆ ಅಡಿಕೆ ಪೆಟ್ಟಿಗೆಯನ್ನೂ ಪಕ್ಕದಲ್ಲಿಟ್ಟರು. ಪೂಜೆ ಮುಗಿದು ಎಲ್ಲರೂ ಊಟಕ್ಕೆ ಕೂತರು. ಪೆಟ್ಟಿಗೆಯನ್ನು ತೆಗೆದಿಡಲು ಹೋದ ಕೋದಂಡ ಮುಚ್ಚಳ ತೆರೆದ. ಒಳಗೆ ಒಂದು ವೀಳ್ಯ ಇತ್ತು. ಮಡಿಸಿ, ಲವಂಗ ಚುಚ್ಚಿದ್ದು. ಕೊನೆಯ ಸಂಜೆ ಅವನಿಗೆಂದು ಮಡಿಸಿಟ್ಟದ್ದು. ಬೆಳಿಗ್ಗೆ ಎದ್ದು ಅದನ್ನು ತಾನೇ ತಿನ್ನುವುದಕ್ಕೆ ಅವಳಿಗೆ ಆ ಬೆಳಿಗ್ಗೆ ಪುರಸೊತ್ತು ಸಿಗಲಿಲ್ಲ. ಯಾರೋ ಮುಚ್ಚಳದ ಮೇಲಿಂದ ತೆಗೆದು ಒಳಗೆ ಹಾಕಿದ್ದರು. ಒಣಗಿ ಕಂದು ತಿರುಗಿತ್ತು, ಮುಟ್ಟಿದರೆ ಪುಡಿಯಾಗುವ ಹಾಗಿತ್ತು.

ಅವನು ಅದನ್ನು ಬಾಯಿಗೆ ಹಾಕಿಕೊಂಡ. ನಾನು ನೋಡಿದೆ. ಅಗಿಯಲು ಬರದೆ, ಗಂಟಲಿಗೆ ಸಿಕ್ಕಿ ಕೆಮ್ಮುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ, ಗೋಡೆ ಕಡೆ ತಿರುಗಿ ನಿಂತು ಪೂರ್ತಿ ತಿಂದ. ಕೆಂಚಿ ಅವನ ಕಾಲಿನ ಹತ್ತಿರ ಕೂತು ಬಾಯಿಯನ್ನೇ ನೋಡುತ್ತಿತ್ತು. ಆ ವಾಸನೆ ಗೊತ್ತಲ್ಲ ಅದಕ್ಕೆ.

ಅವತ್ತಿನಿಂದ ಅವನು ಬಿಡಲಿಲ್ಲ. ಅವಳ ಪೆಟ್ಟಿಗೆ, ಅವಳ ಅಡಕತ್ತರಿ, ಅವಳ ಸುಣ್ಣದ ಡಬ್ಬಿ. ಸಂಜೆ ದೀಪ ಹಚ್ಚಿ ತಾನೇ ಎರಡು ವೀಳ್ಯ ಮಡಿಸುವನು. ಒಂದನ್ನು ಮುಚ್ಚಳದ ಮೇಲಿಟ್ಟು "ತಗಾ" ಅನ್ನುವನು. ಆಮೇಲೆ ಎರಡನ್ನೂ ಅವನೇ ತಿನ್ನುವನು. ಅವನು ತಿನ್ನುವಾಗ ಕೆಂಚಿ ಬಂದು ಅವನ ತೊಡೆಯ ಮೇಲೆ ಮುಖ ಇಟ್ಟು ಮಲಗುವುದು. ಅವಳು ಇದ್ದಾಗ ಅದು ಹಾಗೆ ಮಲಗುತ್ತಿದ್ದದ್ದು ಅವಳ ತೊಡೆಯ ಮೇಲೆ. ನಾನು ನೋಡಲು ಹೋದಾಗ ಅವನು, "ಅಕ್ಕಾ, ಬಾಯಲ್ಲಿ ಇದಿದ್ರೆ ಅವಳು ಪಕ್ಕದಲ್ಲೇ ಕೂತಂಗಿರ್ತದೆ" ಅಂದ. ಅದಕ್ಕೆ ತಿನ್ನಪ್ಪ ಅಂದೆ.

ಅಭ್ಯಾಸವಿಲ್ಲದ ಕೈ. ಮುನಿಗಂಗಮ್ಮ ಬೆರಳ ತುದಿಯಲ್ಲಿ ತೋರಿಸಿದ ಹಾಗೆ ಸುಣ್ಣ ಹಚ್ಚುತ್ತಿದ್ದಳು. ಇವನು ಗೋಡೆಗೆ ಬಳಿದ ಹಾಗೆ ಬಳಿಯುತ್ತಿದ್ದ. ಬಾಯಿ ಸುಟ್ಟರೆ, ಹೊಸದರಲ್ಲಿ ಹೀಗೇ ಇರುತ್ತದೆ ಅಂದುಕೊಂಡ. ಕಾಲ ಕಳೆದ ಹಾಗೆ ಸುಡುವುದೂ ನಿಂತಿತು. ಒಗ್ಗಿತು ಅಂದುಕೊಂಡ.

ಎಣ್ಣೆಗೆ ಹೋದಾಗ ಚನ್ನರಾಯಪ್ಪ ಬಾಯಿ ನೋಡಿ ಕೂಗಿದನಂತೆ, "ಲೇ ನಾಲುಕ ಕೋದಂಡ! ಏನ್ಲಾ ಇದು, ಬಾಯಿ ಮದುಮಗಳ ಥರ ಕೆಂಪಗಾಗೈತೆ? ಸೋಪ್ ಬಿಟ್ಯಾ?"

"ಬಿಟ್ಟಿಲ್ಲ."

"ಮತ್ತೆ ರುಚಿ ಹೆಂಗ್ ನೋಡ್ತೀಯ? ಕೋಳಿಮೊಟ್ಟೆ ಹಾಕಿ ನೋಡು ಬೂದಿನೀರಿಗೆ. ಎಷ್ಟು ತೇಲ್ತದೋ ಅಷ್ಟು ಖಾರ. ನಮ್ಮಜ್ಜಿ ಹಂಗೇ ನೋಡ್ತಿದ್ಲು."

"ಕೋಳಿ ಯಾವತ್ತಲಾ ಸೋಪ್ ಮಾಡಿದ್ದು?" ಅಂದ ಕೋದಂಡ. ಇಬ್ಬರೂ ನಕ್ಕರು. ಅವಳು ಹೋದ ಮೇಲೆ ಅವನು ನಕ್ಕದ್ದು ಅವತ್ತೇ ಮೊದಲು ಅಂತ ಚನ್ನರಾಯಪ್ಪ ಖುಷಿಪಟ್ಟನಂತೆ. ಅದಕ್ಕೇ ಮಾತು ಅಲ್ಲಿಗೇ ಬಿಟ್ಟನಂತೆ.

ಹೋದ ವರ್ಷ ಮಳೆ ಹಿಡಿದು ಬಿಟ್ಟ ಮೇಲೆ ಕೆಂಚಿಯ ಮೈಗೆ ಉಣ್ಣೆಹುಳ ಹತ್ತಿತು. ಹಳೆಯ ಸೋಪು ಮುಗಿದಿತ್ತು. ಹೊಸದಾಗಿ ಒಂದು ಒಬ್ಬೆ ಕಾಯಿಸಿದ. ಆ ಸಲದ ಬೂದಿ ಹಳೆಯ ಮರದ್ದು, ಬಲು ಖಾರದ್ದು, ನಮ್ಮೂರಿನಿಂದಲೇ ಹೋಗಿತ್ತು. ಉಂಡೆ ಕಟ್ಟಿ ಹಲಗೆಯ ಮೇಲಿಟ್ಟ. ಕಾಯುವಷ್ಟು ಕಾದ. ನೆಕ್ಕಿ ನೋಡಿದ. ನಾಲಿಗೆ ಸುಮ್ಮನಿತ್ತು. ಮರುದಿನ ಮತ್ತೆ ನೆಕ್ಕಿದ, ಆಗಲೂ ಸುಮ್ಮನಿತ್ತು. ಇಷ್ಟು ಒಳ್ಳೆಯ ಸೋಪು ಈಚೆಗೆ ಬಂದೇ ಇರಲಿಲ್ಲ ಅಂತ ಅವನಿಗೆ ಸಂತೋಷವಾಯಿತಂತೆ. ಕೈಗಾದರೂ ತಿಳಿಯಬಾರದಿತ್ತೇ ಅನ್ನುತ್ತೀಯಾ? ಅವನ ಕೈ ನೋಡಿಲ್ಲ ನೀನು. ಹುಟ್ಟಿದಾಗಿನಿಂದ ಬೂದಿನೀರಿನಲ್ಲಿ ಬೆಂದು ಬೆಂದು ಎತ್ತಿನ ಗೊರಸಿನ ಹಾಗಾಗಿದೆ.

ಬೆಳಿಗ್ಗೆ ಬಿಸಿಲು ಬಂದ ಮೇಲೆ ಕೆಂಚಿಯನ್ನು ಕಲ್ಲಿನ ಮೇಲೆ ನಿಲ್ಲಿಸಿದ. ನೊರೆ ಹಚ್ಚಿದ. ಹೊತ್ತು ಅಳೆಯುವವಳು ಇರಲಿಲ್ಲವಲ್ಲ, ತಾನೇ ಒಂದು ವೀಳ್ಯ ಬಾಯಿಗೆ ಹಾಕಿಕೊಂಡು ಅವಳು ಕೂರುತ್ತಿದ್ದ ಕಡೆ ಕೂತ. ಕೆಂಚಿ ಕುಂಯ್ ಅಂದಿತು. ಹುಳ ಬಿಡುತ್ತಿದೆ ಅಂದುಕೊಂಡ. "ಉಂಡು ತಲ್ಲಿ, ಉಂಡು" ಅಂದ. ಅದು ನಿಂತಿತು. ಕಾಲು ನಡುಗಿದವು, ನಿಂತಿತು. ಬಾಲ ಹೊಟ್ಟೆಯ ಕೆಳಗೆ ಹೋಯಿತು, ಆಗಲೂ ನಿಂತಿತು. ಅವನು ಅಗಿಯುತ್ತಾ ಅಗಿಯುತ್ತಾ ಅವಳ ನೆನಪಿನಲ್ಲಿ ಕಣ್ಣು ಮುಚ್ಚಿದ್ದನಂತೆ. ಮೊದಲೇ ನಿಧಾನ ಅಗಿಯುವವನು. ಅವಳಾಗಿದ್ದರೆ ಎಂದೋ ಉಗಿದಿರುತ್ತಿದ್ದಳು.

ನೀರು ಹೊಯ್ದಾಗ ಬೆನ್ನಿನ ಕೂದಲು ನೀರಿನ ಜೊತೆಯೇ ಬಂತು.

ಪಕ್ಕದ ಮನೆಯ ಅಕ್ಕಯಮ್ಮ ಓಡಿಬಂದಳು. ಅವಳ ಮೈದುನನ ಆಟೋದಲ್ಲಿ ಮುಳಬಾಗಿಲಿನ ಪಶು ಆಸ್ಪತ್ರೆಗೆ ಹಾಕಿಕೊಂಡು ಹೋದರು. ಅಲ್ಲಿಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಇವನ ಸೋಪನ್ನು ತಮ್ಮ ನಾಯಿಗೂ ಒಯ್ಯುತ್ತಿದ್ದವರು. ಗಾಯ ತೊಳೆದು, ಮದ್ದು ಹಾಕಿ, ಇಂಜೆಕ್ಷನ್ ಕೊಟ್ಟರು. ಆಮೇಲೆ ಇವನನ್ನು ಪಕ್ಕಕ್ಕೆ ಕರೆದರು.

"ಸೋಪು ಖಾರ ಇದೆ ತಾತ. ಅದೇ ಸುಟ್ಟಿರೋದು."

"ಇಲ್ಲಮ್ಮ, ನೆಕ್ಕಿ ನೋಡಿದೀನಿ" ಅಂತ ಜೇಬಿನಿಂದ ಉಂಡೆ ತೆಗೆದು ಅವರ ಎದುರಿಗೇ ಮತ್ತೆ ನೆಕ್ಕಿದ. "ನೋಡಿ, ಏನೂ ಅನ್ನಲ್ಲ."

ಡಾಕ್ಟರಮ್ಮ ಉಂಡೆಯ ಮೇಲೆ ಎರಡು ಹನಿ ನೀರು ಬಿಟ್ಟು ಒಂದು ಹಳದಿ ಕಾಗದದ ತುಂಡು ಅದ್ದಿದರು. ಅದು ಕಡುನೀಲಿಗೆ ತಿರುಗಿತು. ಇಷ್ಟು ನೀಲಿ ಬಂದರೆ ಚರ್ಮ ಸುಡುವಷ್ಟು ಖಾರ ಅಂತ ಬಿಡಿಸಿ ಹೇಳಿದರು.

"ಕಾಗದಕ್ಕೆ ನೋವು ಗೊತ್ತಾಗ್ತದೇನಮ್ಮ?" ಅಂದ ಕೋದಂಡ.

"ನಿಮ್ ನಾಲಿಗೆಗೂ ಗೊತ್ತಾಗ್ಲಿಲ್ವಲ್ಲ ತಾತ" ಅಂದರು ಅವರು. ಬೈಯಲಿಲ್ಲ, ಮೆಲ್ಲಗೆ ಅಂದರು. "ಎಲ್ಲಿ, ಬಾಯಿ ತೆಗೀರಿ."

ತೆಗೆದ. ನಾಲಿಗೆ ಬೆಳ್ಳಗೆ ದಪ್ಪಗೆ ಬಿರುಕು ಬಿಟ್ಟಿತ್ತಂತೆ, ಕಾಯಿ ತುರಿದುಬಿಟ್ಟ ಚಿಪ್ಪಿನ ಹಾಗೆ. ಎಲೆ ಅಡಿಕೆ ಯಾವಾಗಿನಿಂದ, ಸುಣ್ಣ ಎಷ್ಟು ಹಚ್ಚುತ್ತೀರಿ ಅಂತ ಕೇಳಿದರು. ಅವನಿಗೆ ಆಗ ಅರ್ಥವಾಯಿತು. ಸುಣ್ಣ ನಾಲಿಗೆ ತಿಂದುಹಾಕುತ್ತದೆ ಅಂತ ಮದುವೆಯ ಚಪ್ಪರದಲ್ಲಿ ನಮ್ಮ ಚಿಕ್ಕಪ್ಪನಿಗೆ ಹೇಳಿದ ಮಾತು ಅವನದೇ ಬಾಯಿಂದ ಬಂದದ್ದಲ್ಲವೇ. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ. "ಅವಳ ಕೈಯಿಂದ ಒಂದ್ ಸಲಾನೂ ತಗಳ್ಳಿಲ್ಲಮ್ಮ" ಅಂದನಂತೆ ಡಾಕ್ಟರಮ್ಮನಿಗೆ, "ಒಂದ್ ಸಲಾನೂ ತಗಳ್ಳಿಲ್ಲ. ಅದಕ್ಕೆ ಈಗ ತಗಂಡೆ." ಆ ಚಿಕ್ಕ ಹುಡುಗಿಗೆ ಏನು ಗೊತ್ತಾಗಬೇಕು. ಹೆಗಲ ಮೇಲೆ ಕೈ ಇಟ್ಟರಂತೆ.

ಮನೆಗೆ ಬಂದು ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲಿಟ್ಟ. ಮತ್ತೆ ಮುಟ್ಟಲಿಲ್ಲ. ಅವಳು ಎರಡನೆಯ ಸಲ ಹೋದ ಹಾಗಾಯಿತು ಅಕ್ಕಾ ಅಂದ ನನ್ನ ಹತ್ತಿರ. ಎಲೆ ಅಡಿಕೆ ಬಿಟ್ಟ ಮೇಲೆ ನಾಲಿಗೆಗೆ ರುಚಿಯಾದರೂ ವಾಪಸು ಬರಬೇಕಿತ್ತಲ್ಲ, ಅದೂ ಬರಲಿಲ್ಲ. ಮೆಣಸಿನಕಾಯಿ ಕಚ್ಚಿ ನೋಡಿದನಂತೆ. ಹುಟ್ಟಿದ ಮೇಲೆ ಮೊದಲ ಸಲ ಮೆಣಸಿನಕಾಯಿ ತಿಂದರೂ ಹುಲ್ಲು ತಿಂದ ಹಾಗಿತ್ತಂತೆ. ಸೋಪು ಬೇಕು ಅಂತ ಬಂದವರನ್ನು ಬಾಗಿಲಿನಿಂದಲೇ ಕಳಿಸಿದ. ಮಾಲೂರಿನ ಉಮಾಶಂಕರ್ ಎರಡು ಸಲ ಬಂದು ಹೋದರು.

ಕೆಂಚಿ ಬದುಕಿತು. ಬೆನ್ನಿನ ಮೇಲೆ ಅಂಗೈಯಗಲ ಕೂದಲು ಮತ್ತೆ ಬರಲಿಲ್ಲ. ಅದು ಈಗ ಮಲಗುವುದು ಅಕ್ಕಯಮ್ಮನ ಜಗಲಿಯ ಮೇಲೆ. ಇವನು ಮುದ್ದೆ ಮಾಡಿ ಕಲ್ಲಿನ ಪಕ್ಕದಲ್ಲಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು, ಆಗ ಬಂದು ತಿಂದು ಹೋಗುತ್ತದೆ. "ಉಂಡು" ಅಂದರೆ ಸಾಕು, ಬೇಲಿ ಹಾರುತ್ತದೆ. ನಾನು ಹೋದಾಗ ನನ್ನ ಎದುರಿಗೇ ಅವನು ಇನ್ನೊಂದು ರೀತಿ ಮಾಡಿ ನೋಡಿದ. ಹೊಂಗೆಮರದ ಹಿಂದೆ ಮರೆಯಾಗಿ ನಿಂತು, ತೆಲುಗು ಬಿಟ್ಟು, ಅವಳ ಹಾಗೆಯೇ ಕೊನೆಯಲ್ಲಿ ರಾಗ ಎಳೆದು "ಬಾರೇ ಕೆಂಚೀ" ಅಂತ ಕರೆದ. ಗಂಡಸಿನ ಒಡಕು ದನಿ, ಆದರೂ ರಾಗ ಅವಳದೇ. ನಾನೇ ತಿರುಗಿ ನೋಡಿದೆ. ಕೆಂಚಿ ಕಿವಿ ನಿಗುರಿಸಿ ಎದ್ದಿತು. ಬಾಲ ಅಲ್ಲಾಡಿಸಿಕೊಂಡು ಅರ್ಧ ದಾರಿ ಓಡಿ ಬಂತು. ಮರದ ಹಿಂದೆ ನಿಂತವನು ಯಾರು ಅಂತ ಕಂಡದ್ದೇ ನಿಂತಿತು. ಸ್ವಲ್ಪ ಹೊತ್ತು ಅವನನ್ನೇ ನೋಡಿತು. ಆಮೇಲೆ ತಿರುಗಿಕೊಂಡು ಮೆಲ್ಲಗೆ ಹೋಯಿತು. ಓಡಿದ್ದರೂ ಆಗುತ್ತಿತ್ತು. ಮೆಲ್ಲಗೆ ಹೋದದ್ದು ನೋಡಿ ಅವನು ಮರಕ್ಕೆ ತಲೆ ಆನಿಸಿದ.

ಇರು, ಕಣ್ಣು ಒರೆಸಿಕೊಳ್ಳುತ್ತೇನೆ. ಇದನ್ನೇನೂ ಬರೆಯಬೇಡ.

ಈಗ ಯಾಕೆ ಇಷ್ಟೆಲ್ಲ ಹೇಳಿದೆ ಅಂದರೆ, ಕೆಂಚಿಗೆ ಮತ್ತೆ ಉಣ್ಣೆಹುಳ ಹತ್ತಿದೆ. ವಯಸ್ಸಾದ ನಾಯಿ, ರಕ್ತವೆಲ್ಲ ಹುಳ ಹೀರಿ ಸೊರಗಿಹೋಗಿದೆ. ಅಂಗಡಿಯ ಸೋಪು ಹಾಕಿದರು, ಡಾಕ್ಟರಮ್ಮ ಮಾತ್ರೆಯನ್ನೂ ಕೊಟ್ಟರು. ಅದು ಮಾತ್ರೆ ಉಗಿಯುತ್ತದೆ, ಆ ಸೋಪಿಗೆ ಮೈಯೆಲ್ಲ ಕೆರೆದುಕೊಳ್ಳುತ್ತದೆ. ಅದಕ್ಕೆ ಕೋದಂಡ ಮತ್ತೆ ಒಲೆ ಹಚ್ಚಿದ್ದಾನೆ. ಒಂದೇ ಒಂದು ಒಬ್ಬೆ. ಎಣ್ಣೆ ಜಾಸ್ತಿ ಹಾಕಿ, ಬೂದಿನೀರು ಕಮ್ಮಿ ಮಾಡಿ, ಮೊಟ್ಟೆಯನ್ನೂ ತೇಲಿಸಿ ನೋಡಿ, ತಿಂಗಳುಗಟ್ಟಲೆ ಹಲಗೆಯ ಮೇಲೆ ಬಿಟ್ಟಿದ್ದಾನೆ. ಡಾಕ್ಟರಮ್ಮನ ಕಾಗದ ಸರಿಯಿದೆ ಅಂದಿದೆಯಂತೆ. ಅಕ್ಕಯಮ್ಮ ತಾನು ಹಿಡಿದುಕೊಂಡು ತೊಳೆಯುತ್ತೇನೆ ಅಂದಿದ್ದಾಳೆ. ಆದರೂ ಅವನು ಉಂಡೆಯನ್ನು ಅವಳ ಕೈಗೆ ಕೊಡುತ್ತಿಲ್ಲ. ನಾಲಿಗೆ ಹೇಳದೆ ಹೇಗೆ ಕೊಡಲಿ ಅನ್ನುತ್ತಾನೆ. ಅಕ್ಕಯಮ್ಮನದು ಹೊಗೆಸೊಪ್ಪಿನ ಕಡ್ಡಿಪುಡಿ ಹಾಕುವ ಬಾಯಿ, ಚನ್ನರಾಯಪ್ಪನದು ಬೀಡಿ. ನಾನೇ ಹೋಗುತ್ತಿದ್ದೆ. ಆದರೆ ಇದೋ ನೋಡು ನನ್ನ ನಾಲಿಗೆ. ಇದೂ ಮುನಿಗಂಗಮ್ಮನದೇ ಜಾತಿಯದು, ಸುಣ್ಣ ತಿಂದದ್ದು. ಸಾಯುವವರೆಗೆ ಬಿಡಲಾರೆ.

ನೀನು ನಾಳೆ ಕುರುಡುಮಲೆ ಗಣಪನಿಗೆ ಹೋಗುವವಳಲ್ಲವೇ? ಪೂಜೆ ಮುಗಿಸಿಕೊಂಡು ಮುಳಬಾಗಿಲಿಗೆ ಬಂದು ಬೈರಕೂರಿನ ಬಸ್ಸು ಹತ್ತು. ವಾಸನೆ ಬಂದ ಕಡೆ ಇಳಿ. ನನ್ನ ಹೆಸರು ಹೇಳು. ಅವತ್ತು ಕಾಫಿ ಕುಡಿಯಬೇಡ, ಖಾರ ತಿನ್ನಬೇಡ, ಗಣಪನ ಪ್ರಸಾದ ಅಂತ ಹುಳಿಯನ್ನ ಕೊಟ್ಟರೆ ಕಟ್ಟಿಸಿಕೋ, ಆಮೇಲೆ ತಿನ್ನು. ಹಲಗೆಯ ಮೇಲಿನ ಉಂಡೆಯಿಂದ ಒಂದು ಚೂರು ತೆಗೆದು ನಾಲಿಗೆಯ ತುದಿಗೆ ಇಟ್ಟುಕೋ. ಆಮೇಲೆ ಬಾಯಿ ತೊಳೆದುಕೋ, ಏನೂ ಆಗುವುದಿಲ್ಲ. ಚುರುಕ್ ಅಂದರೆ ಚುರುಕ್ ಅಂತಲೇ ಹೇಳು. ಅವನ ಮುಖ ನೋಡಿ ಅಯ್ಯೋ ಪಾಪ ಅಂತ ಸುಳ್ಳು ಹೇಳಬೇಡ. ನಾಲಿಗೆ ಸುಮ್ಮನಿದ್ದರೆ, ಉಂಡೆಯನ್ನು ನೀನೇ ತೆಗೆದುಕೊಂಡು ಹೋಗಿ ಅಕ್ಕಯಮ್ಮನ ಕೈಗೆ ಕೊಟ್ಟು ಬಾ.

ಎಷ್ಟು ಹೊತ್ತು ಬಿಡಬೇಕು ಅಂತ ಅವಳು ಕೇಳಿದರೆ, ಮುನಿಗಂಗಮ್ಮ ಅಗಿಯುವಷ್ಟು ಹೊತ್ತು ಅನ್ನು. ಅವಳಿಗೆ ಗೊತ್ತು.